ರಕ್ತದಲ್ಲಿ ಕಣಗಳನ್ನಷ್ಟೇ ಎಣಿಸುವ ನಾವು ಪ್ಲಾಸ್ಮಾವನ್ನು ಮರೆತಿದ್ದೇವೆಯೇ?

ವರದಾತೀರ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯಲ್ಲಿ ರಕ್ತದ ಘಟಕಗಳನ್ನೂ ಅವುಗಳ ಕಾರ್ಯಗಳನ್ನೂ ಬರೆಯಿರಿ ಎಂದು ಪ್ರಶ್ನೆ ಕೊಟ್ಟರೆ ಇಡೀ ತರಗತಿಯ ಉತ್ತರ ಒಂದೇ ಅಚ್ಚಿನಲ್ಲಿ ಬರುತ್ತದೆ. ಕೆಂಪು ರಕ್ತಕಣ ಆಮ್ಲಜನಕವನ್ನು ಸಾಗಿಸುತ್ತದೆ, ಬಿಳಿ ರಕ್ತಕಣ ರೋಗಾಣುಗಳ ವಿರುದ್ಧ ಹೋರಾಡುತ್ತದೆ, ಪ್ಲೇಟ್‌ಲೆಟ್ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ ಎಂದು ಮೂರು ಸಾಲು ಬರೆದ ಮಕ್ಕಳು ಪ್ಲಾಸ್ಮಾ ಬಂದಾಗ ‘ತಿಳಿಹಳದಿ ದ್ರವ, ಶೇ. 90ರಷ್ಟು ನೀರು’ ಎಂದು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ರಕ್ತದ ಅರ್ಧಕ್ಕಿಂತ ಹೆಚ್ಚಿನ ಪಾಲು, ಅಂದರೆ ಸುಮಾರು ಶೇ. 55, ಪ್ಲಾಸ್ಮಾವೇ ಆಗಿದ್ದರೂ ಅದಕ್ಕೆ ಸಿಗುವುದು ಅರ್ಧ ಸಾಲು.

ತಪ್ಪು ಮಕ್ಕಳದ್ದಲ್ಲ. ಊರಿನಲ್ಲಿ ಯಾರಿಗಾದರೂ ಡೆಂಗಿ ಬಂದರೆ ನಾವು ದೊಡ್ಡವರು ಕೇಳುವುದೂ ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂಬ ಒಂದೇ ಪ್ರಶ್ನೆಯನ್ನು. ಪ್ಲಾಸ್ಮಾವು ಕಣಗಳು ತೇಲುವ ನೀರು ಮಾತ್ರವೇ, ಅಥವಾ ಅದಕ್ಕೆ ತನ್ನದೇ ಆದ ಕೆಲಸವಿದೆಯೇ ಎಂಬುದನ್ನು ಹದಿನೈದು ವರ್ಷದ ಮಕ್ಕಳಿಗೆ ನಂಬಿಕೆಯಾಗುವಂತೆ ತೋರಿಸುವ ಉದಾಹರಣೆಗಳು ನನಗೆ ಬೇಕಾಗಿವೆ. ಆಸ್ಪತ್ರೆ ಮತ್ತು ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಬರೆಯಬೇಕು.

ನೇರಳೆ ಮುಚ್ಚಳ (ಪ್ರಯೋಗಾಲಯ ತಂತ್ರಜ್ಞ, ಶಿವಮೊಗ್ಗ)

ಮೇಡಂ ಅವರೇ, ನೀವು ಕೇಳಿದ್ದನ್ನು ನಾವು ದಿನವೂ ಕಣ್ಣಾರೆ ಕಾಣುತ್ತೇವೆ. ಸಿಬಿಸಿ, ಅಂದರೆ ರಕ್ತಕಣಗಳನ್ನೆಲ್ಲ ಎಣಿಸುವ ಪರೀಕ್ಷೆಗೆಂದು ರಕ್ತ ತೆಗೆಯುವ ನೇರಳೆ ಮುಚ್ಚಳದ ನಳಿಕೆಯಲ್ಲಿ ಇಡಿಟಿಎ ಎಂಬ ಲವಣ ಇರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಆ ನಳಿಕೆಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಹೊರತೆಗೆದರೆ ತಳದಲ್ಲಿ ಕೆಂಪು ರಕ್ತಕಣಗಳ ದಟ್ಟ ಪದರ, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ, ಇವೆರಡರ ನಡುವೆ ಶೇ. 1ಕ್ಕಿಂತಲೂ ತೆಳುವಾದ ಬೂದುಬಿಳಿ ಪಟ್ಟಿ ಕಾಣುತ್ತದೆ. ಪಠ್ಯದಲ್ಲಿ ಸಾಲುಗಟ್ಟಲೆ ವರ್ಣನೆ ಪಡೆಯುವ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಎಲ್ಲವೂ ಆ ಎಳೆಯಷ್ಟು ಪಟ್ಟಿಯಲ್ಲೇ ಅಡಗಿರುತ್ತವೆ.

ಮೇಲಿನ ಪ್ಲಾಸ್ಮಾವನ್ನು ಬೆಳಕಿಗೆ ಹಿಡಿದು ನೋಡಿದರೆ ರೋಗಿಯ ಬಗ್ಗೆ ಎಷ್ಟೋ ವಿಷಯ ಯಂತ್ರಕ್ಕೆ ಹಾಕುವ ಮೊದಲೇ ತಿಳಿಯುತ್ತದೆ. ಕಾಮಾಲೆ ಇದ್ದವರಲ್ಲಿ ಅದು ಅರಿಶಿನ ಬೆರೆಸಿದಷ್ಟು ಗಾಢವಾಗಿರುತ್ತದೆ. ಜಿಡ್ಡಿನ ಊಟ ಮಾಡಿ ಬಂದವರಲ್ಲಿ, ಇಲ್ಲವೇ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬಾ ಏರಿದವರಲ್ಲಿ ಹಾಲಿನಂತೆ ಬೆಳ್ಳಗಿರುತ್ತದೆ. ಸೂಜಿ ಚುಚ್ಚುವಾಗಲೋ ಸಾಗಿಸುವಾಗಲೋ ಕೆಂಪು ರಕ್ತಕಣಗಳು ಒಡೆದಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಆಗ ಪೊಟ್ಯಾಸಿಯಂ ಮಟ್ಟ ಸುಳ್ಳುಸುಳ್ಳೇ ಹೆಚ್ಚು ತೋರುವುದರಿಂದ ಮತ್ತೆ ರಕ್ತ ತೆಗೆಯಬೇಕಾಗುತ್ತದೆ.

ಕೆಂಪು ಮುಚ್ಚಳದ ನಳಿಕೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ಬೇರ್ಪಡುವ ದ್ರವವನ್ನು ಸೀರಂ ಎನ್ನುತ್ತೇವೆ. ಹೆಪ್ಪುಗಟ್ಟುವಾಗ ಫೈಬ್ರಿನೋಜೆನ್ ಎಂಬ ಪ್ರೋಟೀನು ಖರ್ಚಾಗಿಹೋಗಿರುವುದರಿಂದ ಸೀರಮ್ಮಿನಲ್ಲಿ ಅದು ಇರುವುದಿಲ್ಲ, ಪ್ಲಾಸ್ಮಾದಲ್ಲಿ ಇರುತ್ತದೆ. ಪ್ಲಾಸ್ಮಾವು ಬರೀ ನೀರಾಗಿದ್ದರೆ ಇವೆರಡಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ.

ಹಳೆಯ ಮೇಷ್ಟ್ರು (ನಿವೃತ್ತ ಶರೀರಕ್ರಿಯಾಶಾಸ್ತ್ರ ಅಧ್ಯಾಪಕ, ಮೈಸೂರು)

ತಂತ್ರಜ್ಞರು ಕಣ್ಣಿಗೆ ಕಾಣುವುದನ್ನು ಚೆನ್ನಾಗಿ ವಿವರಿಸಿದ್ದಾರೆ. ಕಣ್ಣಿಗೆ ಕಾಣದಿರುವುದನ್ನು ನಾನು ಸೇರಿಸುತ್ತೇನೆ.

60 ಕಿಲೋ ತೂಕದ ವಯಸ್ಕರಲ್ಲಿ ಸುಮಾರು ನಾಲ್ಕೂವರೆ ಲೀಟರ್ ರಕ್ತವಿದ್ದರೆ ಅದರಲ್ಲಿ ಎರಡೂವರೆ ಲೀಟರಿನಷ್ಟು ಪ್ಲಾಸ್ಮಾ. ಈ ದ್ರವ ರಕ್ತನಾಳದೊಳಗೇ ಉಳಿಯುವುದಾದರೂ ಹೇಗೆ ಎಂಬುದು ಮಕ್ಕಳ ಮುಂದೆ ಇಡಬೇಕಾದ ಮೊದಲ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ಲೋಮನಾಳಗಳ ಗೋಡೆ ಒಂದೇ ಜೀವಕೋಶದ ದಪ್ಪವಿದ್ದು, ಅದರಲ್ಲಿ ನೀರೂ ಲವಣವೂ ಸಲೀಸಾಗಿ ನುಸುಳಿಹೋಗುವಷ್ಟು ಸಂದುಗಳಿವೆ, ಒಳಗಿನಿಂದ ಹೃದಯದ ಒತ್ತಡ ಬೇರೆ ತಳ್ಳುತ್ತಿರುತ್ತದೆ. ಹಾಗಿದ್ದೂ ನೀರೆಲ್ಲ ಹೊರಗೆ ಸೋರಿಹೋಗದಂತೆ ತಡೆಯುವುದು ಪ್ಲಾಸ್ಮಾದ ಪ್ರೋಟೀನುಗಳು, ಅವುಗಳಲ್ಲಿ ಮುಖ್ಯವಾಗಿ ಅಲ್ಬುಮಿನ್. ಗೋಡೆಯ ಸಂದಿನಲ್ಲಿ ಸುಲಭವಾಗಿ ನುಸುಳಲಾರದಷ್ಟು ದೊಡ್ಡದಾದ ಈ ಪ್ರೋಟೀನು ರಕ್ತನಾಳದೊಳಗೇ ಉಳಿದು, ನೀರನ್ನು ತನ್ನತ್ತ ಎಳೆದು ಹಿಡಿಯುತ್ತದೆ. ತಳ್ಳುವ ಒತ್ತಡಕ್ಕೂ ಹೀಗೆ ಹಿಡಿದಿಡುವ ಒತ್ತಡಕ್ಕೂ ಇರುವ ಈ ಹೊಯ್ದಾಟವನ್ನು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ಶರೀರಕ್ರಿಯಾಶಾಸ್ತ್ರಜ್ಞ 1896ರಲ್ಲಿ ವಿವರಿಸಿದರು.

ಅಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಆರೋಗ್ಯವಂತರಲ್ಲಿ ಅದರ ಪ್ರಮಾಣ ಪ್ರತಿ 100 ಮಿಲಿ ಲೀಟರಿಗೆ 3.5ರಿಂದ 5 ಗ್ರಾಂ. ಯಕೃತ್ತು ಸೊರಗಿದಾಗ ಅದರ ಉತ್ಪಾದನೆ ಕುಗ್ಗುತ್ತದೆ, ಮೂತ್ರಪಿಂಡದ ಕೆಲವು ಕಾಯಿಲೆಗಳಲ್ಲಿ ಅದು ಮೂತ್ರದೊಡನೆ ಸೋರಿಹೋಗುತ್ತದೆ. ಎರಡರಲ್ಲಿಯೂ ಕಾಲು ಬಾತುಕೊಳ್ಳುವುದನ್ನೂ ಮುಖ ಊದುವುದನ್ನೂ ಹೊಟ್ಟೆಯಲ್ಲಿ ನೀರು ತುಂಬುವುದನ್ನೂ ಕಾಣುತ್ತೇವೆ. ನೀರು ದೇಹದಲ್ಲೇ ಇದೆ, ಆದರೆ ಇರಬೇಕಾದ ಜಾಗದಲ್ಲಿ ಇಲ್ಲ.

ಇದಲ್ಲದೆ ಅನೇಕ ಔಷಧಗಳು, ಕೊಬ್ಬಿನ ಆಮ್ಲಗಳು, ಕಾಮಾಲೆಯಲ್ಲಿ ಹಳದಿ ಬಣ್ಣ ತರುವ ಬಿಲಿರುಬಿನ್, ರಕ್ತದ ಕ್ಯಾಲ್ಸಿಯಮ್ಮಿನ ಸುಮಾರು ಶೇ. 40ರಷ್ಟು ಪಾಲು ಪ್ಲಾಸ್ಮಾದ ಪ್ರೋಟೀನುಗಳಿಗೆ ಅಂಟಿಕೊಂಡೇ ಸಾಗುತ್ತವೆ. ಹಾರ್ಮೋನು, ಗ್ಲೂಕೋಸ್, ಯೂರಿಯಾ ಮೊದಲಾದವು ಪಠ್ಯದಲ್ಲೇ ಇರುವುದರಿಂದ ಅವನ್ನು ಇಲ್ಲಿ ಬೆಳೆಸುವುದಿಲ್ಲ.

ಇರುಳು ಓದು (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ)

ಸರ್, ನನ್ನದೊಂದು ಸಂದೇಹ. ಪ್ಲಾಸ್ಮಾ ಇಷ್ಟೆಲ್ಲವನ್ನೂ ಹೊತ್ತು ಸಾಗಿಸಬಲ್ಲದಾದರೆ ಆಮ್ಲಜನಕವನ್ನು ಹಿಡಿಯುವ ಹಿಮೋಗ್ಲೋಬಿನ್ನನ್ನೂ ಅದರಲ್ಲಿಯೇ ಕರಗಿಸಿಟ್ಟರೆ ಆಗುತ್ತಿರಲಿಲ್ಲವೇ? ಅದಕ್ಕೆಂದೇ ಪ್ರತಿ ಮೈಕ್ರೋಲೀಟರಿಗೆ 50 ಲಕ್ಷದಷ್ಟು ಕಣಗಳನ್ನು ಮಾಡಿ, 120 ದಿನಕ್ಕೊಮ್ಮೆ ಹಳೆಯದನ್ನು ಒಡೆದು, ಮತ್ತೆ ಹೊಸದಾಗಿ ಮಾಡುವ ಶ್ರಮ ದೇಹಕ್ಕೆ ಏಕೆ?

ಹಳೆಯ ಮೇಷ್ಟ್ರು

ಮಗಳೇ, ಬಹಳ ಒಳ್ಳೆಯ ಪ್ರಶ್ನೆ. ಎರೆಹುಳುವಿನಂಥ ಜೀವಿಗಳಲ್ಲಿ ಹಿಮೋಗ್ಲೋಬಿನ್ ನಿಜಕ್ಕೂ ರಕ್ತದ ದ್ರವದಲ್ಲೇ ಕರಗಿರುತ್ತದೆ, ಆದರೆ ಅಲ್ಲಿ ಅದರ ಅಣುಗಳು ನಮ್ಮವುಗಳಿಗಿಂತ ಎಷ್ಟೋ ಪಾಲು ದೊಡ್ಡವು.

ನಮ್ಮ ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳ ಅಣು. ಕಣದಿಂದ ಹೊರಬಿದ್ದರೆ ಅದು ಎರಡು ತುಂಡಾಗಿ ಮೂತ್ರಪಿಂಡದ ಜರಡಿಯಲ್ಲಿ ಸೋರಿಹೋಗುತ್ತದೆ. ಕೆಂಪು ರಕ್ತಕಣಗಳು ಏಕಕಾಲಕ್ಕೆ ದೊಡ್ಡ ಪ್ರಮಾಣದಲ್ಲಿ ಒಡೆದಾಗ ಮೂತ್ರ ಕಂದುಗೆಂಪಾಗುವುದೂ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಇದೇ ಕಾರಣಕ್ಕೆ. ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಬಿಡಿ ಹಿಮೋಗ್ಲೋಬಿನ್ ಕಬಳಿಸಿಬಿಡುವುದರಿಂದ ನಾಳಗಳು ಬಿಗಿದುಕೊಳ್ಳುತ್ತವೆ. ಪ್ರತಿ 100 ಮಿಲಿ ಲೀಟರಿಗೆ ಹದಿನೈದು ಗ್ರಾಮಿನಷ್ಟು ಪ್ರೋಟೀನು ಹೆಚ್ಚುವರಿಯಾಗಿ ಪ್ಲಾಸ್ಮಾದಲ್ಲೇ ಕರಗಿದ್ದರೆ ನಾನು ಮೇಲೆ ಹೇಳಿದ ನೀರೆಳೆಯುವ ಒತ್ತಡವೂ ಅಳತೆ ಮೀರುತ್ತಿತ್ತು.

ಇನ್ನು ಆ ಕಣ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಲೆಕ್ಕ ಸುಲಭ. 1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿ ಲೀಟರ್ ಆಮ್ಲಜನಕವನ್ನು ಹಿಡಿಯುತ್ತದೆ. ಹಾಗಾಗಿ 15 ಗ್ರಾಂ ಇದ್ದವರ 100 ಮಿಲಿ ಲೀಟರ್ ರಕ್ತದಲ್ಲಿ 20 ಮಿಲಿ ಲೀಟರ್ ಆಮ್ಲಜನಕ ಸಾಗುತ್ತದೆ, ಅದೇ ರಕ್ತದಲ್ಲಿ ಬರಿದೇ ಕರಗಿ ಸಾಗುವುದು 0.3 ಮಿಲಿ ಲೀಟರ್ ಮಾತ್ರ. ಪ್ರೌಢ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ. ಗ್ಲೂಕೋಸನ್ನು ಆಮ್ಲಜನಕವಿಲ್ಲದೆಯೇ ಒಡೆದು ಬದುಕುವ ಈ ಕಣ ತಾನು ಹೊತ್ತ ಸರಕನ್ನು ತಾನೇ ತಿಂದು ಖಾಲಿ ಮಾಡುವುದಿಲ್ಲ.

ಇಂಗಾಲದ ಡೈಆಕ್ಸೈಡಿನ ವಿಷಯದಲ್ಲಿ ಮಾತ್ರ ಕಣಕ್ಕೂ ಪ್ಲಾಸ್ಮಾಕ್ಕೂ ನಡುವೆ ಕೆಲಸ ಹಂಚಿಹೋಗಿದೆ. ಅಂಗಾಂಶದಿಂದ ಬಂದ ಅನಿಲ ಕೆಂಪು ಕಣದೊಳಗೆ ಹೋಗಿ, ಅಲ್ಲಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವದ ನೆರವಿನಿಂದ ನೀರಿನೊಡನೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಆ ಬೈಕಾರ್ಬೊನೇಟ್ ಹೊರಬಂದು ಪ್ಲಾಸ್ಮಾದಲ್ಲಿ ಕರಗಿ ಶ್ವಾಸಕೋಶದತ್ತ ಸಾಗುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಪ್ಲಾಸ್ಮಾದಿಂದ ಕ್ಲೋರೈಡ್ ಒಳಗೆ ಹೋಗುತ್ತದೆ. ಒಟ್ಟು ಇಂಗಾಲದ ಡೈಆಕ್ಸೈಡಿನ ಸುಮಾರು ಶೇ. 70 ಪಾಲು ಸಾಗುವುದು ಹೀಗೆಯೇ. ರಕ್ತದ ಪಿಎಚ್ 7.35ರಿಂದ 7.45ರ ಕಿರಿದಾದ ಎಲ್ಲೆಯೊಳಗೆ ನಿಲ್ಲುವುದರಲ್ಲಿಯೂ ಇದೇ ಬೈಕಾರ್ಬೊನೇಟಿನ ಪಾತ್ರ ದೊಡ್ಡದು. ಆದ್ದರಿಂದ ‘ಕೆಂಪು ಕಣ ಆಮ್ಲಜನಕಕ್ಕೆ, ಪ್ಲಾಸ್ಮಾ ಇಂಗಾಲದ ಡೈಆಕ್ಸೈಡಿಗೆ’ ಎಂದು ಪರೀಕ್ಷೆಗೆ ಬರೆದರೆ ಅಂಕ ಬಂದೀತು, ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ.

ಕಡಲ ಬದಿ (ಉಡುಪಿ ಜಿಲ್ಲೆ)

ನಾನು ವೈದ್ಯನಲ್ಲ, ವ್ಯಾಪಾರಸ್ಥ. ಶಿಕ್ಷಕಿಯವರು ಡೆಂಗಿಯ ಮಾತನ್ನು ಎತ್ತಿರುವುದರಿಂದ ಕೇಳುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ 38,000ಕ್ಕೆ ಇಳಿಯಿತು. ನಾವೆಲ್ಲ ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕಿಕೊಂಡು ಓಡಾಡುತ್ತಿದ್ದರೆ, ವೈದ್ಯರು ಅದನ್ನು ಏರಿಸಲು ಒಪ್ಪದೆ, ಗ್ಲೂಕೋಸ್ ನೀರನ್ನೂ ಅಳೆದು ಅಳೆದು ಕೊಡುತ್ತಾ, ಮೂತ್ರದ ಲೆಕ್ಕವನ್ನು ಬರೆದಿಡಿ ಎಂದು ನಮಗೇ ಹೇಳಿದರು. ಮನೆಯಲ್ಲಿ ಪಪ್ಪಾಯಿ ಎಲೆಯ ರಸವನ್ನು ಕುಡಿಸಿದೆವು, ಎರಡು ದಿನದಲ್ಲಿ ಎಣಿಕೆ ಏರಿತು. ಎಲೆಯ ರಸದಿಂದಲೇ ಏರಿತೆಂದು ನಮ್ಮ ತಾಯಿಯವರ ನಂಬಿಕೆ. ಇದರಲ್ಲಿ ಯಾವುದು ಸರಿ?

ವಾರ್ಡು ಸುತ್ತು (ಫಿಜಿಷಿಯನ್, ಬೆಂಗಳೂರು)

ನಿಮ್ಮ ತಮ್ಮನವರ ವೈದ್ಯರು ನೋಡುತ್ತಿದ್ದುದು ಪ್ಲಾಸ್ಮಾವನ್ನು. ಈ ಚರ್ಚೆಯ ವಿಷಯಕ್ಕೆ ಇದಕ್ಕಿಂತ ಹೊಂದುವ ಉದಾಹರಣೆ ಸಿಗಲಾರದು ಎಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ಬಹುಪಾಲು ಸಂದರ್ಭಗಳಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವುದಲ್ಲ, ಲೋಮನಾಳಗಳ ಗೋಡೆ ಸಡಿಲಗೊಂಡು ಪ್ಲಾಸ್ಮಾ ಹೊರಗೆ ಸೋರುವುದು. ಹಿರಿಯ ಅಧ್ಯಾಪಕರು ಮೇಲೆ ಹೇಳಿದ ಅಲ್ಬುಮಿನ್ ಕೂಡ ನಾಳದೊಳಗೆ ನಿಲ್ಲದೆ ನೀರಿನ ಜೊತೆಯಲ್ಲೇ ಹೊರಟುಹೋಗುತ್ತದೆ. ಸೋರಿದ ದ್ರವ ಎದೆಗೂಡಿನಲ್ಲಿಯೂ ಹೊಟ್ಟೆಯಲ್ಲಿಯೂ ಸೇರುತ್ತದೆ, ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಹೊರಗೆ ಒಂದು ತೊಟ್ಟು ರಕ್ತವೂ ಕಾಣದೆ ರೋಗಿ ಆಘಾತದ (ಅಂಗಾಂಗಗಳಿಗೆ ರಕ್ತ ಸಾಲದಾಗುವ ‘ಶಾಕ್’) ಸ್ಥಿತಿಗೆ ಜಾರಬಹುದು.

ಇದು ನಡೆಯುವ ಹೊತ್ತು ಇನ್ನೂ ಮೋಸದ್ದು. ಜ್ವರ ಶುರುವಾದ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ‘ಸದ್ಯ, ವಾಸಿಯಾಯಿತು’ ಎಂದುಕೊಳ್ಳುತ್ತಾರೆ. ಸೋರಿಕೆಯ 24ರಿಂದ 48 ಗಂಟೆಗಳ ಗಂಡಾಂತರದ ಅವಧಿ ಬರುವುದು ಅದೇ ಹೊತ್ತಿಗೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಎಣಿಕೆ ಎಷ್ಟೇ ಇರಲಿ ಆಸ್ಪತ್ರೆಗೆ ಕರೆತರಬೇಕು.

ಸೋರಿಕೆಯನ್ನು ನಾವು ಹಿಡಿಯುವುದು ವರದಿಯಲ್ಲಿ ಪಿಸಿವಿ ಅಥವಾ ಹಿಮ್ಯಾಟೊಕ್ರಿಟ್ ಎಂದು ಬರೆದಿರುವ ಅಂಕಿಯಿಂದ. ಒಟ್ಟು ರಕ್ತದಲ್ಲಿ ಕೆಂಪು ಕಣಗಳು ತುಂಬಿಕೊಂಡಿರುವ ಪಾಲು ಅದು. ನೀರು ಇಂಗಿದಾಗ ಒಲೆಯ ಮೇಲಿನ ಸಾರು ಗಟ್ಟಿಯಾಗುವಂತೆ, ಪ್ಲಾಸ್ಮಾ ಹೊರಟುಹೋದರೆ ಕಣಗಳು ಒಂದೂ ಹೆಚ್ಚದಿದ್ದರೂ ಪಿಸಿವಿ ಏರುತ್ತದೆ. ರೋಗಿಯ ಮೊದಲಿನ ಮಟ್ಟಕ್ಕಿಂತ ಶೇ. 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದು ಭಾವಿಸುತ್ತೇವೆ. ಮೊದಲಿನ ಮಟ್ಟ ಎಂಬ ಮಾತು ನಮ್ಮಲ್ಲಿ ಬಹಳ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ಒಬ್ಬಾಕೆಯ ಪಿಸಿವಿ ಶೇ. 30 ಇದ್ದದ್ದು 38ಕ್ಕೆ ಏರಿದರೆ ಕಾಗದದ ಮೇಲೆ ಅದು ಸಾಮಾನ್ಯ ಮಟ್ಟವೆಂದೇ ಅಚ್ಚಾಗಿರುತ್ತದೆ. ನಿಜದಲ್ಲಿ ಆಕೆಯ ಪ್ಲಾಸ್ಮಾ ಅಪಾಯದ ಮಟ್ಟಕ್ಕೆ ಸೋರಿಹೋಗಿದೆ. ಜ್ವರದ ಮೊದಲ ದಿನಗಳಲ್ಲೇ ಒಂದು ಸಿಬಿಸಿ ಮಾಡಿಸಿಟ್ಟುಕೊಳ್ಳಿ ಎಂದು ನಾವು ಹೇಳುವುದು ಈ ಹೋಲಿಕೆಗಾಗಿ.

ರಕ್ತಸ್ರಾವವಿಲ್ಲದ ರೋಗಿಗೆ ಪ್ಲೇಟ್‌ಲೆಟ್ ಎಣಿಕೆ 10,000ಕ್ಕಿಂತ ಕೆಳಗಿಳಿಯುವವರೆಗೆ ಅದನ್ನು ಹೊರಗಿನಿಂದ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನಿಮ್ಮ ತಮ್ಮನವರಿಗೆ ದ್ರವವನ್ನು ಅಳೆದು ಕೊಟ್ಟದ್ದಕ್ಕೂ ಕಾರಣವಿದೆ. ಗಂಡಾಂತರ ಕಳೆದ ಮೇಲೆ ಸೋರಿದ ಪ್ಲಾಸ್ಮಾ ತಾನಾಗಿ ನಾಳಗಳಿಗೆ ಮರಳುತ್ತದೆ. ಅಷ್ಟರಲ್ಲಿ ನಾವು ಬಾಟಲಿಗಟ್ಟಲೆ ದ್ರವ ತುಂಬಿಸಿದ್ದರೆ ಶ್ವಾಸಕೋಶದಲ್ಲಿ ನೀರು ನಿಂತು ಉಸಿರುಕಟ್ಟುತ್ತದೆ.

ಪಪ್ಪಾಯಿ ಎಲೆಯ ಬಗ್ಗೆ ತಾಯಿಯವರೊಡನೆ ವಾದಕ್ಕೆ ಇಳಿಯಬೇಡಿ. ಎಣಿಕೆ ಸ್ವಲ್ಪ ಬೇಗ ಏರಿತೆಂದು ಹೇಳುವ ಸಣ್ಣ ಅಧ್ಯಯನಗಳಿವೆ, ಆದರೆ ಅದರಿಂದ ರಕ್ತಸ್ರಾವವೋ ಸಾವೋ ತಪ್ಪುತ್ತದೆಂದು ಸಿದ್ಧವಾಗಿಲ್ಲ. ಚೇತರಿಕೆಯ ಹಂತದಲ್ಲಿ ಎಣಿಕೆ ತಾನಾಗಿಯೇ ಏರುವುದರಿಂದ ಆ ಹೊತ್ತಿಗೆ ಏನು ಕುಡಿಸಿದ್ದರೂ ಹೆಸರು ಅದಕ್ಕೇ ಬರುತ್ತದೆ. ವಾಂತಿ ಮಾಡುತ್ತಿರುವವರಿಗೆ ಆ ಕಹಿರಸವನ್ನು ಬಲವಂತವಾಗಿ ಕುಡಿಸುವುದು ಬೇಡ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ನುಂಗಿಸಬೇಡಿ.

ನೇರಳೆ ಮುಚ್ಚಳ

ಡಾಕ್ಟರ್ ಹೇಳಿದ್ದಕ್ಕೆ ಪ್ರಯೋಗಾಲಯದ ಕಡೆಯಿಂದ ಎರಡು ಮಾತು. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಇಡಿಟಿಎ ತಾಗಿದ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸಲಾರದೆ ಎಣಿಕೆಯನ್ನು ತೀರಾ ಕಡಿಮೆ ತೋರಿಸುತ್ತದೆ. ಜ್ವರವೂ ಇಲ್ಲದ, ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲದ ವ್ಯಕ್ತಿಯ ವರದಿಯಲ್ಲಿ 20,000 ಎಂದು ಬಂದರೆ ನಾವು ಗಾಜಿನ ಫಲಕದ ಮೇಲೆ ರಕ್ತವನ್ನು ಸವರಿ, ಲೀಶ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫಲಕದ ಅಂಚನ್ನು ನೋಡುತ್ತೇವೆ. ಗುಂಪುಗಳು ಅಲ್ಲಿ ನೇರಳೆ ಬಣ್ಣದ ಮುದ್ದೆಗಳಾಗಿ ಕಾಣುತ್ತವೆ. ಆಗ ಸಿಟ್ರೇಟ್ ಇರುವ ನೀಲಿ ಮುಚ್ಚಳದ ನಳಿಕೆಯಲ್ಲಿ ಮತ್ತೊಮ್ಮೆ ರಕ್ತ ತೆಗೆದು ಎಣಿಸಿದರೆ ಸಾಮಾನ್ಯವಾಗಿ ನಿಜವಾದ ಸಂಖ್ಯೆ ಹೊರಬರುತ್ತದೆ.

ಎರಡನೆಯದು ನಮ್ಮ ಜಿಲ್ಲೆಯ ವಿಷಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳು ಎರಡೂ ಇಳಿಯುತ್ತವೆ. ಮಲೆನಾಡಿನಲ್ಲಿ ಬೇಸಿಗೆಯ ಮುನ್ನ ಕಾಡಿಗೆ ಸೊಪ್ಪು, ಸೌದೆಗೆ ಹೋಗಿ ಬಂದು ಜ್ವರ ಹಿಡಿದವರ ಸಿಬಿಸಿಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಕಂಡರೆ ಅದನ್ನು ಡೆಂಗಿ ಎಂದು ತೀರ್ಮಾನಿಸಿಬಿಡಲಾಗದು, ವೈರಸ್ಸನ್ನೇ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯೇ ಬೇಕು. ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಇರುಳು ಓದು

ಬಿಳಿ ರಕ್ತಕಣಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಅವುಗಳ ಐದು ಬಗೆಗಳನ್ನೇ ಹೆಚ್ಚಾಗಿ ಕೇಳುತ್ತಾರೆ.

ಹಳೆಯ ಮೇಷ್ಟ್ರು

ಐದು ಬಗೆಗಳು ನಿನಗೆ ಬಾಯಿಪಾಠವಾಗಿಯೇ ಇರುತ್ತವೆ, ಅವನ್ನು ಮತ್ತೆ ಹೇಳುವುದಿಲ್ಲ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಬಿಳಿ ರಕ್ತಕಣಗಳಿಗೆ ರಕ್ತವು ದಾರಿಯೇ ಹೊರತು ಮನೆಯಲ್ಲ. ಲಿಂಫೋಸೈಟು ಎಂಬ ಬಗೆಯ ಬಿಳಿ ಕಣಗಳಲ್ಲಿ ಸುಮಾರು ಶೇ. 2 ಮಾತ್ರ ಯಾವುದೇ ಕ್ಷಣದಲ್ಲಿ ರಕ್ತದಲ್ಲಿರುತ್ತವೆ. ಉಳಿದವು ದುಗ್ಧಗ್ರಂಥಿ, ಗುಲ್ಮ, ಕರುಳಿನ ಗೋಡೆ, ಅಸ್ಥಿಮಜ್ಜೆಗಳಲ್ಲಿ ಇರುತ್ತವೆ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯವುಗಳಲ್ಲಿ ಸುಮಾರು ಅರ್ಧದಷ್ಟು ನಾಳಗಳ ಗೋಡೆಗೆ ಒರಗಿಕೊಂಡಿದ್ದು ಎಣಿಕೆಗೆ ಸಿಗುವುದೇ ಇಲ್ಲ. ಓಡಿಬಂದವರ, ಭಯಗೊಂಡವರ ರಕ್ತದಲ್ಲಿ ಅವು ಗೋಡೆಯಿಂದ ಕಳಚಿಕೊಂಡು ಎಣಿಕೆ ಏರುತ್ತದೆ, ಸೋಂಕು ಇರಲೇಬೇಕೆಂದಿಲ್ಲ. ಲಿಂಫೋಸೈಟುಗಳಲ್ಲಿ ಬಿ ಎಂಬ ಬಗೆಯವು ಬಲಿತು ಮಾಡುವ ಪ್ರತಿಕಾಯಗಳು (ಪರಕೀಯ ವಸ್ತುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು) ಕೊನೆಗೆ ಸೇರುವುದೂ ಪ್ಲಾಸ್ಮಾವನ್ನೇ, ಗಾಮಾ ಗ್ಲೋಬ್ಯುಲಿನ್‌ಗಳ ರೂಪದಲ್ಲಿ.

ಮೂರು ಚೀಲ (ರಕ್ತನಿಧಿ ವೈದ್ಯೆ, ಮಂಗಳೂರು)

ಪ್ರತಿಕಾಯದ ಮಾತು ಬಂದದ್ದರಿಂದ ನಾನು ಇಲ್ಲಿ ಸೇರಿಕೊಳ್ಳುತ್ತೇನೆ. ದಾನಿಯೊಬ್ಬರಿಂದ 350 ಅಥವಾ 450 ಮಿಲಿ ಲೀಟರ್ ರಕ್ತವನ್ನು ಪಡೆದ ಮೇಲೆ ನಾವು ಅದನ್ನು ಇಡಿಯಾಗಿ ಯಾರಿಗೂ ಕೊಡುವುದು ಈಗ ಅಪರೂಪ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್ಜಿನಲ್ಲಿ, ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡುತ್ತೇವೆ. ಪ್ಲೇಟ್‌ಲೆಟ್‌ಗಳಿಗೆ ತಣ್ಣಗಿನ ಜಾಗ ಆಗಿಬರುವುದಿಲ್ಲ. ಅವನ್ನು 20ರಿಂದ 24 ಡಿಗ್ರಿಯಲ್ಲಿ ಬಿಡದೆ ಅಲುಗಾಡಿಸುತ್ತಾ ಐದೇ ದಿನ ಇಡಬಹುದು. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಮಂಜುಗಡ್ಡೆಯಂತೆ ಘನೀಕರಿಸಿ ಒಂದು ವರ್ಷ ಕಾಪಾಡುತ್ತೇವೆ. ‘ಫ್ರೆಶ್ ಬ್ಲಡ್ಡೇ ಬೇಕು’ ಎಂದು ಒತ್ತಾಯಿಸುವ ಸಂಬಂಧಿಕರಿಗೆ ಈ ಮೂರು ಚೀಲಗಳನ್ನು ತೋರಿಸಿದರೆ ಅರ್ಧ ವಾದ ಅಲ್ಲಿಗೇ ತಣ್ಣಗಾಗುತ್ತದೆ.

ಮಕ್ಕಳಿಗೆ ಹೇಳಬಹುದಾದ ಒಂದು ಸಂಗತಿ ಇಲ್ಲಿದೆ. ಓ ಗುಂಪಿನವರು ಎಲ್ಲರಿಗೂ ರಕ್ತ ಕೊಡಬಲ್ಲರು ಎಂದು ಪಾಠದಲ್ಲಿದೆ. ಆ ಮಾತು ಕೆಂಪು ಕಣಗಳಿಗೆ ಮಾತ್ರ, ಅದರಲ್ಲಿಯೂ ಓ ನೆಗೆಟಿವ್‌ಗೆ ಮಾತ್ರ, ಸಲ್ಲುತ್ತದೆ. ಪ್ಲಾಸ್ಮಾದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಓ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳಿರುತ್ತವೆ, ಎಬಿ ಗುಂಪಿನವರ ಪ್ಲಾಸ್ಮಾದಲ್ಲಿ ಎರಡೂ ಇರುವುದಿಲ್ಲ. ಹಾಗಾಗಿ ಪ್ಲಾಸ್ಮಾವನ್ನು ಎಲ್ಲರಿಗೂ ಕೊಡಬಲ್ಲವರು ಎಬಿ ಗುಂಪಿನವರು.

ಬಾಂಬೆ ರಕ್ತಗುಂಪು ಪತ್ತೆಯಾಗುವುದೂ ಪ್ಲಾಸ್ಮಾದ ಮೂಲಕವೇ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಮೊದಲು ವರದಿ ಮಾಡಿದ ಈ ಗುಂಪಿನವರ ಕೆಂಪು ಕಣಗಳ ಮೇಲೆ ಎ, ಬಿ ಮಾತ್ರವಲ್ಲ, ಅವೆರಡಕ್ಕೂ ತಳಹದಿಯಾದ ಎಚ್ ಎಂಬ ಪ್ರತಿಜನಕವೂ (ಪ್ರತಿಕಾಯಗಳು ಗುರುತಿಸುವ ಮೇಲ್ಮೈ ಗುರುತು) ಇರುವುದಿಲ್ಲ. ಬೆರಳು ಚುಚ್ಚಿ, ಕಣಗಳನ್ನು ಮಾತ್ರ ಪರೀಕ್ಷಿಸುವವರಿಗೆ ಅದು ಓ ಗುಂಪೆಂದೇ ತೋರುತ್ತದೆ. ಆದರೆ ಅವರ ಪ್ಲಾಸ್ಮಾವನ್ನು ಓ ಗುಂಪಿನ ಕಣಗಳೊಡನೆ ಬೆರೆಸಿದರೆ ಕಣಗಳು ಗಂಟುಕಟ್ಟುತ್ತವೆ. ಆ ಒಂದು ಹೆಜ್ಜೆಯನ್ನು ಬಿಟ್ಟು ಓ ರಕ್ತವನ್ನು ಏರಿಸಿದರೆ ಪ್ರಾಣಕ್ಕೇ ಕುತ್ತು. ನಮ್ಮ ಕರಾವಳಿಯಲ್ಲಿಯೂ ಈ ಗುಂಪಿನವರಿದ್ದಾರೆ. ಅಂಥವರು ಯಾರೆಂದು ಗೊತ್ತಿದ್ದರೆ ಅವರ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಅವರಿಗೆ ಬೇಕಾದಾಗ ರಕ್ತ ಕೊಡಬಲ್ಲವರು ಅದೇ ಗುಂಪಿನವರು ಮಾತ್ರ.

2025ರಲ್ಲಿ ಸುದ್ದಿಯಾದ ಕೋಲಾರ ಜಿಲ್ಲೆಯ ಮಹಿಳೆಯ ಪ್ರಸಂಗವೂ ಇಂಥದ್ದೇ. ಹೃದಯದ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ ಅವರದು ಓ ಪಾಸಿಟಿವ್ ರಕ್ತವೇ ಆಗಿದ್ದರೂ ಲಭ್ಯವಿದ್ದ ಯಾವ ಓ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರಕ್ತಕೇಂದ್ರ ಮತ್ತು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯ ಸೇರಿ ಕ್ರೋಮರ್ ಎಂಬ ರಕ್ತಗುಂಪಿನ ವ್ಯವಸ್ಥೆಯಲ್ಲಿ ಹೊಸದೊಂದು ಪ್ರತಿಜನಕವನ್ನು ಗುರುತಿಸಿದವು. ಅದಕ್ಕೆ ಕ್ರಿಬ್ ಎಂದು ಹೆಸರಾಯಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಮೂರೂ ಆ ಹೆಸರಿನೊಳಗಿವೆ.

ಅಡಿಕೆ ತೋಟ (ಸಾಗರ ತಾಲ್ಲೂಕು)

ರೈತರಿಗೆ ಹತ್ತಿರವಾದ ಒಂದು ವಿಷಯವನ್ನು ಕೇಳುತ್ತೇನೆ. ಕೊಳಕುಮಂಡಲ ಕಚ್ಚಿದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಯಂತ್ರದ ಪರೀಕ್ಷೆಗೂ ಮೊದಲು ರಕ್ತವನ್ನು ಒಂದು ಗಾಜಿನ ನಳಿಕೆಯಲ್ಲಿ ಹಾಕಿ ಸುಮ್ಮನೆ ಇಟ್ಟು ಕಾಯುತ್ತಾರೆ. ಅದು ಏನನ್ನು ನೋಡುವುದಕ್ಕೆ?

ವಾರ್ಡು ಸುತ್ತು

ಅದನ್ನು ಇಪ್ಪತ್ತು ನಿಮಿಷದ ಪರೀಕ್ಷೆ ಎನ್ನುತ್ತೇವೆ. ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ ಸುಮಾರು 2 ಮಿಲಿ ಲೀಟರ್ ರಕ್ತವನ್ನು ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಆಮೇಲೆ ವಾಲಿಸಿ ನೋಡುತ್ತೇವೆ. ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದು ಅರ್ಥ. ಪ್ಲಾಸ್ಟಿಕ್ ನಳಿಕೆ ಇದಕ್ಕೆ ಆಗದು, ಏಕೆಂದರೆ ಹೆಪ್ಪುಗಟ್ಟುವ ಸರಣಿಯನ್ನು ಇಲ್ಲಿ ಚಾಲೂ ಮಾಡುವುದು ಗಾಜಿನ ಮೈ. ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯೂ ತಪ್ಪು ಫಲ ಕೊಡುತ್ತದೆ.

ಕೊಳಕುಮಂಡಲದ ವಿಷ ಪ್ಲಾಸ್ಮಾದಲ್ಲಿರುವ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಾದ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಒಮ್ಮೆಲೇ ಕೆರಳಿಸುತ್ತದೆ. ಫೈಬ್ರಿನೋಜೆನ್ನೆಲ್ಲ ನಾಳದೊಳಗೇ ಖರ್ಚಾಗಿಹೋಗಿ, ನಿಜವಾದ ಗಾಯದ ಹತ್ತಿರ ಹೆಪ್ಪುಗಟ್ಟಲು ಏನೂ ಉಳಿದಿರುವುದಿಲ್ಲ. ಪ್ಲೇಟ್‌ಲೆಟ್ ಸಾಕಷ್ಟು ಇದ್ದಾಗಲೂ ಹೀಗಾಗಬಹುದು. ಪ್ಲೇಟ್‌ಲೆಟ್ ಗಾಯದ ಬಾಯಿಗೆ ತಾತ್ಕಾಲಿಕ ಬಿರಡೆಯಾಗುತ್ತದೆ, ಅದನ್ನು ಬಿಗಿಯಾಗಿ ಹೆಣೆದು ನಿಲ್ಲಿಸುವ ಎಳೆಗಳು ಪ್ಲಾಸ್ಮಾದಿಂದಲೇ ಬರಬೇಕು.

ಪ್ರತಿವಿಷ ಕೊಟ್ಟ ಕೂಡಲೇ ರಕ್ತ ಹೆಪ್ಪುಗಟ್ಟದಿದ್ದರೆ ಗಾಬರಿಯಾಗಬೇಡಿ. ಪ್ರತಿವಿಷವು ವಿಷವನ್ನು ಕಟ್ಟಿಹಾಕುತ್ತದೆ ಅಷ್ಟೇ, ಖರ್ಚಾದ ಅಂಶಗಳನ್ನು ಯಕೃತ್ತು ಹೊಸದಾಗಿ ಮಾಡಿಕೊಡಬೇಕು. ಅದಕ್ಕೆ ಸಮಯ ಬೇಕಾದ್ದರಿಂದ ಆರು ಗಂಟೆಯ ನಂತರ ಮತ್ತೆ ಅದೇ ಪರೀಕ್ಷೆಯನ್ನು ಮಾಡುತ್ತೇವೆ. ಅಂದ ಹಾಗೆ, ನಮ್ಮಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೊಡುವ ಒಂದೇ ಪ್ರತಿವಿಷವನ್ನು ತೆಗೆಯುವುದು ಕುದುರೆಯ ಪ್ಲಾಸ್ಮಾದಿಂದ. ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಎರಡೂ ಬೇಡ. ಹೆಪ್ಪುಗಟ್ಟದ ರಕ್ತದವರಿಗೆ ಬ್ಲೇಡಿನ ಒಂದು ಗೆರೆಯೂ ನಿಲ್ಲದ ಗಾಯವಾಗುತ್ತದೆ.

ವರದಾತೀರ

ಎಲ್ಲರಿಗೂ ಧನ್ಯವಾದಗಳು. ಸೋರುವ ಪ್ಲಾಸ್ಮಾಕ್ಕೆ ಡೆಂಗಿ, ಹೆಪ್ಪುಗಟ್ಟದ ಪ್ಲಾಸ್ಮಾಕ್ಕೆ ಕೊಳಕುಮಂಡಲ, ಪ್ರತಿಕಾಯಕ್ಕೆ ಬಾಂಬೆ ಗುಂಪು ಎಂದು ಮೂರು ಪ್ರಸಂಗಗಳನ್ನು ಆರಿಸಿಕೊಂಡಿದ್ದೇನೆ, ನಮ್ಮ ಊರಿನ ಮಕ್ಕಳಿಗೆ ಮೊದಲೆರಡು ಹೊಸತೇನಲ್ಲ. ಪಿಸಿವಿ 30ರಿಂದ 38ಕ್ಕೆ ಏರಿದ ಲೆಕ್ಕವನ್ನು ಗಣಿತದ ಅವಧಿಯಲ್ಲಿಯೇ ಮಾಡಿಸುವಂತೆ ಸಹೋದ್ಯೋಗಿಯವರನ್ನು ಕೇಳುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮೂರು ಪದರ ಕಾಣುವ ನಿಜವಾದ ನಳಿಕೆಯೊಂದನ್ನು ಇಡಬಹುದೇ?

ನೇರಳೆ ಮುಚ್ಚಳ

ಬೇಡ ಮೇಡಂ. ಪರೀಕ್ಷೆ ಮುಗಿದ ಮಾದರಿಗಳು ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಅಡಿಯಲ್ಲಿ ಬರುವುದರಿಂದ ಅವನ್ನು ಹೊರಗೆ ಕೊಡುವಂತಿಲ್ಲ, ಯಾರ ಸೋಂಕು ಯಾವ ನಳಿಕೆಯಲ್ಲಿದೆಯೆಂದು ಹೇಳಲೂ ಬಾರದು. ರೋಗಿಯ ಹೆಸರಿನ ಚೀಟಿ ಕಾಣದಂತೆ, ಸಾಮಾನ್ಯ ರಕ್ತ, ರಕ್ತಹೀನತೆಯ ರಕ್ತ, ಕಾಮಾಲೆಯ ರಕ್ತ ಮತ್ತು ಹಾಲಿನಂಥ ಪ್ಲಾಸ್ಮಾ ಈ ನಾಲ್ಕು ನಳಿಕೆಗಳನ್ನು ಬಿಳಿ ಹಾಳೆಯ ಮುಂದೆ ನಿಲ್ಲಿಸಿ ತೆಗೆದ ಚಿತ್ರಗಳನ್ನು ನಮ್ಮ ಮುಖ್ಯಸ್ಥರ ಅನುಮತಿ ಪಡೆದು ಕಳುಹಿಸುತ್ತೇನೆ. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಇಡುತ್ತೇನೆ. ಮಕ್ಕಳು ಕೆಂಪು ಪದರದ ಎತ್ತರವನ್ನು ಒಟ್ಟು ಎತ್ತರದಿಂದ ಭಾಗಿಸಿ ಪಿಸಿವಿಯನ್ನು ತಾವೇ ಲೆಕ್ಕ ಹಾಕಲಿ.